ಚಡಾವಿನ ಮೂರನೆಯ ತಿರುವು

ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯದಿಂದ ಹೊರಟು ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರುಗಳನ್ನು ದಾಟಿ, ಮುಂದೆ ಹೆದ್ದಾರಿಯನ್ನು ಬಿಟ್ಟು ಅಡೂರಿನ ಕಡೆಗೆ ತಿರುಗಿದರೆ ನಮ್ಮ ಮೂಲಮನೆಯ ದಾರಿ ಸಿಗುತ್ತದೆ. ಡಾಮರು ಮುಗಿಯುವವರೆಗೆ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಮೇಲಿನ ಎರಡು ಕಿಲೋಮೀಟರಿಗೆ ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಸಾಕು. ಮಳೆಗಾಲದಲ್ಲಿ ಎಷ್ಟು ಹೊತ್ತು ಬೇಕೆಂಬುದನ್ನು ಮುಂಚಿತವಾಗಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಕೆಳಗೆ ಪಯಸ್ವಿನಿ ಹರಿಯುತ್ತದೆ. ಕಾಸರಗೋಡು ಪೇಟೆಯ ಸಮೀಪ ಸಮುದ್ರ ಸೇರುವಾಗ ಚಂದ್ರಗಿರಿ ಎಂದು ಕರೆಸಿಕೊಳ್ಳುವ ಹೊಳೆಯೇ ಇದು. ಮೂಡು ದಿಕ್ಕಿನಲ್ಲಿ ಕಾಣುವ ಕಾಡು ಕರ್ನಾಟಕದ ಮಂಡೆಕೋಲಿನದು. ಗುಡ್ಡೆಯ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ರಬ್ಬರು, ತೋಡಿನ ಬದಿಯಲ್ಲಿ ಅಡಿಕೆ. ರಾತ್ರಿ ಆನೆಗಳು ಬಂದು ಬಾಳೆಯನ್ನು ಮುರಿದು ಹೋಗುತ್ತವೆ; ಅವುಗಳಿಗೆ ರಾಜ್ಯಗಳ ಗಡಿಯ ಹಂಗಿಲ್ಲ. ನಮಗೆ ಇದೆ. ಸುಳ್ಯ ನಮಗೆ ಕಾಸರಗೋಡಿಗಿಂತ ಹತ್ತಿರ. ಹಿಂದೆಲ್ಲ ಜ್ವರವೆಂದರೆ, ಹಲ್ಲುನೋವೆಂದರೆ ಸುಳ್ಯಕ್ಕೇ ಹೋಗುತ್ತಿದ್ದೆವು. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಲಾದಾಗ ಆ ಅಭ್ಯಾಸ ತಪ್ಪಿತು. ಆಮೇಲೆ ಮಣ್ಣನ್ನು ತೆಗೆದರು. ಆದರೆ ಮನಸ್ಸಿನಲ್ಲಿ ಒಂದು ಅಳುಕು ಉಳಿದುಹೋಯಿತು. ನಿಯಮಿತವಾಗಿ ಆಸ್ಪತ್ರೆಗೆ ಹೋಗಬೇಕಾದವರು ಈಗ ದೂರವಾದರೂ ಪಡುವಣಕ್ಕೇ ಇಳಿಯುತ್ತಾರೆ.

ಇಳಿಯುವ ದಾರಿಯೆಂದರೆ ಈ ಚಡಾವು. ಮುರಕಲ್ಲಿನ ಗುಡ್ಡೆಯನ್ನು ಕಡಿದು ನಮ್ಮ ಅಜ್ಜನ ಕಾಲದವರು ಮಾಡಿದ ಗಾಡಿದಾರಿ. ಎಡಬಲಗಳಲ್ಲಿ ಆಳೆತ್ತರದ ಕೆಂಪು ಗೋಡೆ, ನಡುವೆ ಚಕ್ರಗಳು ಕೊರೆದ ಎರಡು ಜಾಡು. ಆ ಜಾಡುಗಳು ಎಷ್ಟು ಆಳವೆಂದರೆ ಒಮ್ಮೆ ಚಕ್ರ ಅವುಗಳಲ್ಲಿ ಕುಳಿತ ಮೇಲೆ ಸ್ಟಿಯರಿಂಗ್ ಹಿಡಿದವನಿಗೆ ಹೆಚ್ಚಿನ ಕೆಲಸವಿಲ್ಲ, ದಾರಿಯೇ ಕೊಂಡೊಯ್ಯುತ್ತದೆ. ಒಟ್ಟು ಮೂರು ತಿರುವು. ಮೊದಲಿನ ಎರಡು ಸಾಧು. ಮೂರನೆಯದರಲ್ಲಿ ಒಳಬದಿಗೆ ಒಂದು ಹಾಸುಗಲ್ಲು ಎದ್ದು ನಿಂತಿದೆ, ಅದರ ಮುಂದೆ ಮಳೆನೀರು ತೋಡಿದ ಹೊಂಡ. ಹತ್ತುವಾಗ ಜೀಪಿನ ಎಡಗಡೆಯ ಹಿಂಚಕ್ರ ಅಲ್ಲಿ ಒಂದು ಕ್ಷಣ ನೆಲ ಬಿಟ್ಟು ಗಾಳಿಯಲ್ಲಿ ತಿರುಗಿ, ಮತ್ತೆ ಧೊಪ್ಪೆಂದು ಕಲ್ಲನ್ನು ಹಿಡಿಯುತ್ತದೆ. ಮೂವತ್ತು ವರ್ಷಗಳಿಂದ ನಾವು ಆ ಸದ್ದನ್ನು ಕೇಳುತ್ತ ಬಂದಿದ್ದೇವೆ. ಅದನ್ನು ಕೇಳಿದರೆ ಮನೆ ಬಂತೆಂದು ಮಕ್ಕಳು ಚೀಲ ಎತ್ತಿಕೊಳ್ಳುವುದು ವಾಡಿಕೆ.

ಜೀಪು ಮಹೀಂದ್ರದ ಸಿ.ಜೆ. ಮಾದರಿಯ ಗಿಡ್ಡ ಜೀಪು. 1988ರಲ್ಲಿ ಅಪ್ಪ ಹಳೆಯದನ್ನೇ ಕೊಂಡದ್ದು. ಆಗ ನಮ್ಮ ಕಡೆ ಸರ್ವಿಸ್ ಜೀಪುಗಳ ಕಾಲ. ಒಳಗೆ ಕುಳಿತವರಿಗಿಂತ ಹಿಂದೆ ನೇತಾಡಿದವರೇ ಹೆಚ್ಚು. ಅವೂ ನಮ್ಮ ಚಡಾವಿನ ಬುಡದವರೆಗೆ ಮಾತ್ರ ಬರುತ್ತಿದ್ದವು. ಮೇಲಿನ ಮೂರು ಮನೆಗಳಿಗೆ ಇದ್ದದ್ದು, ಇಂದಿಗೂ ಇರುವುದು, ಈ ಒಂದೇ ವಾಹನ. ಅಡಿಕೆ ಇಳಿದದ್ದು, ಸಿಮೆಂಟು ಏರಿದ್ದು, ನನ್ನ ತಂಗಿ ಮದುಮಗಳಾಗಿ ಹೊರಟದ್ದು ಎಲ್ಲ ಇದರಲ್ಲಿಯೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯನ್ನು ಬಿಟ್ಟು ಪೇಟೆಗೆ ಬರಲೊಪ್ಪಲಿಲ್ಲ. ಜೀಪೂ ಅವಳೊಡನೆ ಉಳಿಯಿತು. ಓಡಿಸುವವನು ನೆರೆಮನೆಯ ಮಾವನ ಮಗ. ರಕ್ತಸಂಬಂಧದ ಮಾವನಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ನಮ್ಮ ನಡುವಿನ ಕರಾರು ಬಾಯಿಮಾತಿನದು: ಡೀಸೆಲು ಅವರದು, ರಿಪೇರಿ ನಮ್ಮದು. ಮುದ್ರಾಂಕ ಕಾಗದವಿಲ್ಲದ ಈ ಕರಾರಿನ ಎರಡನೆಯ ಭಾಗವನ್ನು ನಾನು ಎಷ್ಟರ ಮಟ್ಟಿಗೆ ಪಾಲಿಸಿದೆ ಎಂಬುದೇ ಈ ಬರಹದ ವಿಷಯ.

ಮಾವನಿಗೆ ಮೂತ್ರಪಿಂಡಗಳೆರಡೂ ಸೋತಿವೆ. ಮಂಗಳವಾರ ಮತ್ತು ಶುಕ್ರವಾರ ಕಾಸರಗೋಡಿನಲ್ಲಿ ಡಯಾಲಿಸಿಸ್. ಬೆಳಗ್ಗೆ ಐದಕ್ಕೆ ಜೀಪು ಇಳಿಯುತ್ತದೆ, ಸಂಜೆ ಏರುತ್ತದೆ. ಈ ವೇಳಾಪಟ್ಟಿಗೆ ರಜೆ, ಹಬ್ಬ, ಹರತಾಳ ಯಾವುದೂ ಇಲ್ಲ.

ಕಳೆದ ಆಟಿ ತಿಂಗಳ ಒಂದು ಮಂಗಳವಾರ ನನ್ನ ಕೆಲಸ ಬೇಗ ಮುಗಿದುದರಿಂದ ಅವರೊಡನೆಯೇ ಊರಿಗೆ ಹೊರಟೆ. ಮುಂದೆ ನಾನು, ಹಿಂದಿನ ಸೀಟಿನಲ್ಲಿ ಮಾವ, ಕಾಲಬುಡದಲ್ಲಿ ಅಕ್ಕಿಚೀಲ. ಮಳೆ ಬಿಡದೆ ಸುರಿಯುತ್ತಿತ್ತು. ಚಡಾವಿನ ಬುಡದಲ್ಲಿ ಹುಡುಗ ಎಂದಿನಂತೆ ನಾಲ್ಕು ಚಕ್ರಗಳ ಲೋ ಗೇರಿಗೆ ಹಾಕಿದ. ಮೂರನೆಯ ತಿರುವಿನಲ್ಲಿ ಎಡಚಕ್ರ ಎಂದಿನಂತೆ ಗಾಳಿಯಲ್ಲಿ ತಿರುಗಿತು, ಎಂದಿನಂತೆ ಧೊಪ್ಪೆಂದಿತು. ಅದರ ಬೆನ್ನಿಗೆ ಕಬ್ಬಿಣದ ಕಂಬ ಮುರಿದಂಥ ಒಂದು ಸದ್ದು. ಜೀಪು ಎಡಕ್ಕೆ ಕುಸಿಯಿತು. ತಿರುಗಿ ನೋಡಿದರೆ ಬ್ರೇಕ್ ಡ್ರಮ್ಮಿನ ಸಮೇತ ಚಕ್ರ ಹೊರಬಂದು ಮುರಕಲ್ಲಿನ ಗೋಡೆಗೆ ಒರಗಿ ನಿಂತಿತ್ತು, ಯಾರೋ ತೆಗೆದಿಟ್ಟ ಹಾಗೆ.

ಆಮೇಲಿನ ಹತ್ತು ಸೆಕೆಂಡುಗಳನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ವಿಚಾರಣೆಗೆ ಒಳಪಡಿಸಿದ್ದೇನೆ. ಹುಡುಗ ಬ್ರೇಕನ್ನು ಮೆಟ್ಟಿದ. ಪೆಡಲು ನೆಲಕ್ಕೆ ಹೋಯಿತು. ಡ್ರಮ್ಮು ಕಳಚಿಕೊಂಡಾಗ ಅದರೊಳಗಿನ ಬ್ರೇಕ್ ಸಿಲಿಂಡರಿನ ಪಿಸ್ಟನುಗಳನ್ನು ತಡೆಯುವುದಕ್ಕೆ ಏನೂ ಇರುವುದಿಲ್ಲ. ಅವು ಹೊರಚಾಚಿ ಎಣ್ಣೆಯೆಲ್ಲ ಚೆಲ್ಲಿಹೋಗುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಯ ಕೊಳವೆಸಾಲು. ಒಂದು ಕಡೆ ಸೋರಿದರೆ ಎಲ್ಲ ಕಡೆಯೂ ಹೋದಂತೆ. ಕೈಬ್ರೇಕಿನ ಕಥೆಯೂ ಬೇರೆಯಲ್ಲ. ಅದು ಹಿಡಿಯುವುದು ಚಕ್ರವನ್ನಲ್ಲ, ಗೇರುಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟನ್ನು. ಒಂದು ಬದಿಯ ಆಕ್ಸಲ್ ಮುರಿದರೆ ಡಿಫರೆನ್ಷಿಯಲ್ ಆ ಬದಿಯಲ್ಲಿ ಬರಿದೇ ತಿರುಗಿಕೊಳ್ಳುತ್ತದೆ. ಇನ್ನೊಂದು ಬದಿಯ ಚಕ್ರಕ್ಕೆ ಹಿಡಿತವೇ ಇಲ್ಲ. ಅಂದು ನಮ್ಮನ್ನು ಉಳಿಸಿದ್ದು ಜೀಪು ನಾಲ್ಕು ಚಕ್ರಗಳ ಗೇರಿನಲ್ಲಿದ್ದದ್ದು. ಹುಡುಗ ಗೇರನ್ನು ಬಿಡಿಸದೆ ಎಂಜಿನ್ನನ್ನು ಆರಿಸಿದ. ಮುಂದಿನ ಎರಡು ಚಕ್ರಗಳು ಎಂಜಿನ್ನಿಗೆ ಕಟ್ಟಿಕೊಂಡಂತೆ ನಿಂತವು, ಕುಸಿದ ಆಕ್ಸಲಿನ ತುದಿ ಮಣ್ಣಿಗೆ ಕಚ್ಚಿಕೊಂಡಿತು. ಅವನು ಗಾಬರಿಯಲ್ಲಿ ಕ್ಲಚ್ಚು ಒತ್ತಿದ್ದರೆ ನಾವು ಎರಡನೆಯ ತಿರುವಿನವರೆಗೆ ಹಿಂದಕ್ಕೆ ಜಾರುತ್ತಿದ್ದೆವು. ಅಲ್ಲಿ ಹೊರಬದಿಗೆ ಗೋಡೆಯಿಲ್ಲ.

ಕಲ್ಲುಗಳನ್ನು ಚಕ್ರಗಳಿಗೆ ಅಡ್ಡ ಕೊಟ್ಟು ಮಾವನನ್ನು ಇಳಿಸಿದೆವು. ಎಡಗೈಯಲ್ಲಿ ಫಿಸ್ಟುಲಾ ಇರುವುದರಿಂದ ಆ ಕೈಯನ್ನು ಹಿಡಿಯುವಂತಿಲ್ಲ. ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಎರಡು ಅಡಿಕೆ ಸಲಾಕೆಗಳನ್ನು ಕಟ್ಟಿ, ನಾಲ್ವರು ಹೊತ್ತೆವು. ಮಳೆಯಲ್ಲಿ ಕೊಡೆ ಹಿಡಿದುಕೊಂಡು ಅಮ್ಮ ಪಕ್ಕದಲ್ಲಿ ನಡೆದಳು. “ಈಗಲೇ ಹೊತ್ತರೆ ಆಮೇಲೆ ಹೊರಲಿಕ್ಕೆ ಏನು ಉಳೀತದೆ ಮಾರಾಯಾ?” ಎಂದು ಮಾವ ನಕ್ಕರು. ನಗು ಯಾರಿಗೂ ಬರಲಿಲ್ಲ.

ನಾನು ಮೋಟಾರು ಅಪಘಾತ ಪರಿಹಾರದ ಮೊಕದ್ದಮೆಗಳನ್ನು ನಡೆಸುವವನು. ಅಪಘಾತವಾದ ಪ್ರತಿಯೊಂದು ವಾಹನವನ್ನೂ ಸಹಾಯಕ ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿ ಕೊಡುವ ವರದಿಗಳನ್ನು ಇಪ್ಪತ್ತು ವರ್ಷಗಳಿಂದ ಓದುತ್ತಿದ್ದೇನೆ. ‘ಹಿಂದಿನ ಆಕ್ಸಲ್ ಶಾಫ್ಟು ಮುರಿದಿದೆ’ ಎಂಬ ಸಾಲು ಬಂದಾಗಲೆಲ್ಲ ವಾದದ ಪ್ರಶ್ನೆ ಒಂದೇ: ಅಪಘಾತದಿಂದ ಮುರಿಯಿತೇ, ಮುರಿದದ್ದರಿಂದ ಅಪಘಾತವಾಯಿತೇ? ಒಂದು ಬದಿಗೆ ನಿಂತು ಅದನ್ನು ವಾದಿಸುವುದು ನನಗೆ ಅಭ್ಯಾಸ. ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ಇದೇ ಮೊದಲು.

ಮುಳ್ಳೇರಿಯದ ಗ್ಯಾರೇಜಿನ ಮೇಸ್ತ್ರಿ ಅದನ್ನು ಡೀಸೆಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರು. ತುಳು, ಮಲಯಾಳ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಹಿರಿಯರು. ಮುರಿದ ಮೈಯ ಬಹುಭಾಗ ನಯವಾಗಿ ಕಪ್ಪಿಟ್ಟಿತ್ತು. ಅದರ ಮೇಲೆ ಹೊಳೆಯ ಮರಳಿನಲ್ಲಿ ನೀರು ಬಿಟ್ಟುಹೋದ ಗೆರೆಗಳಂತೆ ಬಾಗಿದ ಸಾಲುಗಳು. ಒಂದು ಅಂಚಿನಲ್ಲಿ ಮಾತ್ರ ಉಗುರಗಲದಷ್ಟು ಜಾಗ ಸಕ್ಕರೆಯ ಹರಳಿನ ಹಾಗೆ ಒರಟಾಗಿ ಹೊಳೆಯುತ್ತಿತ್ತು.

“ಇದು ಮಂಗಳವಾರ ತುಂಡಾದದ್ದಲ್ಲ ವಕೀಲರೇ. ಒಂದು ವರ್ಷದಿಂದ ತುಂಡಾಗ್ತಾ ಇತ್ತು. ಮಂಗಳವಾರ ಮುಗಿಯಿತು, ಅಷ್ಟೆ.”

ಕಪ್ಪು ಭಾಗವೆಲ್ಲ ಹಳೆಯ ಬಿರುಕು. ಪ್ರತಿ ಸಲ ಚಕ್ರ ಧೊಪ್ಪೆಂದಾಗಲೂ ಕೂದಲೆಳೆಯಷ್ಟು ಮುಂದೆ ಸರಿದದ್ದು. ಕೊನೆಯಲ್ಲಿ ಉಳಿದಿದ್ದ ಆ ಉಗುರಗಲದ ಉಕ್ಕು ಮಾವನನ್ನೂ ನನ್ನನ್ನೂ ಅಕ್ಕಿಚೀಲವನ್ನೂ ಹೊತ್ತುಕೊಂಡಿತ್ತು. ಬಿರುಕು ಹುಟ್ಟಿದ ಜಾಗವನ್ನೂ ಮೇಸ್ತ್ರಿ ತೋರಿಸಿದರು. ಈ ಜೀಪಿನಲ್ಲಿ ಹಿಂದಿನ ಆಕ್ಸಲ್ ಶಾಫ್ಟಿನ ಹೊರತುದಿ ಕ್ರಮೇಣ ಸಪೂರವಾಗುತ್ತ ಹೋಗುತ್ತದೆ. ಅದೇ ಓರೆಯಲ್ಲಿ ಕೊರೆದ ಹಬ್ಬು ಅದರ ಮೇಲೆ ಕುಳಿತುಕೊಳ್ಳುತ್ತದೆ. ಎರಡರ ನಡುವೆ ಗಾಡಿಯಲ್ಲಿ ಸಿಕ್ಕಿಸಿದ ಒಂದು ಚೌಕ ಕೀಲಿ, ಹೊರಗೆ ದೊಡ್ಡ ನಟ್ಟು, ನಟ್ಟು ತಿರುಗದಂತೆ ಒಂದು ಪಿನ್ನು. ಓರೆ ಓರೆಯನ್ನು ಬಿಗಿಯಾಗಿ ಕಚ್ಚಿದ್ದರೆ ಭಾರವೆಲ್ಲ ಆ ಹಿಡಿತದ ಮೇಲೆ ನಿಲ್ಲುತ್ತದೆ. ಹಿಡಿತ ಸಡಿಲಾದರೆ ಪ್ರತಿಯೊಂದು ಎಳೆತವೂ ಕೀಲಿಯ ಮೇಲೆ, ಕೀಲಿಯ ಗಾಡಿಯ ಮೂಲೆಯ ಮೇಲೆ ಸುತ್ತಿಗೆಯ ಪೆಟ್ಟಾಗುತ್ತದೆ. ನಮ್ಮ ಬಿರುಕು ಹೊರಟದ್ದು ಆ ಮೂಲೆಯಿಂದಲೇ.

ಹಿಡಿತ ಸಡಿಲಾದದ್ದೇಕೆ ಎಂಬುದಕ್ಕೂ ಸಾಕ್ಷ್ಯ ಅಲ್ಲಿಯೇ ಸಿಕ್ಕಿತು. ಹಬ್ಬಿನೊಳಗೆ ಸುತ್ತಿಕೊಂಡಿದ್ದ ಒಂದು ತೆಳು ತಗಡನ್ನು ಮೇಸ್ತ್ರಿ ಇಕ್ಕುಳದಿಂದ ಎಳೆದು ತೆಗೆದರು. ಯಾವುದೋ ಡಬ್ಬಿಯನ್ನು ಕತ್ತರಿಸಿದ್ದು. ಒಂದು ಕೊನೆಯಲ್ಲಿ ಹಸಿರು ಬಣ್ಣ ಇನ್ನೂ ಇತ್ತು. ಸವೆದ ಹಬ್ಬು ಶಾಫ್ಟಿನ ಮೇಲೆ ಅಲುಗಾಡುವಾಗ ಹೊಸ ಹಬ್ಬಿನ ಹಣ ಉಳಿಸುವುದಕ್ಕಾಗಿ ಮಾಡುವ ಉಪಾಯ ಅದು. “ಇದನ್ನು ಯಾರು ಇಟ್ಟರು?” ಎಂದು ಅವರು ಕೇಳಿದರು. ನನಗೆ ಗೊತ್ತಿಲ್ಲವೆಂದೆ.

ಆ ರಾತ್ರಿ ಮನೆಯಲ್ಲಿ ಅಪ್ಪನ ಲೆಕ್ಕದ ಪುಸ್ತಕಗಳನ್ನು ತೆಗೆದೆ. ಅಪ್ಪ ಬರೆಯದೆ ಒಂದು ರೂಪಾಯಿಯನ್ನೂ ಕಳೆದವರಲ್ಲ. 2013ರ ಪುಸ್ತಕದಲ್ಲಿ ಸಿಕ್ಕಿತು: ‘ಜೀಪು ಹಿಂದಿನ ಎಡ ಹಬ್ಬು ಲೂಸು. ಸದ್ಯಕ್ಕೆ ತಗಡು ಇಡಿಸಿದ್ದು.’ ಅದರ ಮೇಲಿನ ಸಾಲು ಮೈಲುತುತ್ತು, ಸುಣ್ಣ. ಕೆಳಗಿನ ಸಾಲು ಮೂರನೆಯ ಸಲ ಮದ್ದು ಬಿಟ್ಟ ಕೂಲಿ. ಆ ಮಳೆಗಾಲ ನಮ್ಮ ತೋಟವನ್ನು ಕೊಳೆರೋಗ ಬಡಿದಿತ್ತು. ನಾನು ಆಗ ಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದೆ, ಅಪ್ಪನಲ್ಲಿ ಹಣ ಕೇಳಿದ್ದೂ ನೆನಪಿದೆ. ಮೂರು ವರ್ಷ ದಾಟಿದ ಸಾಲಕ್ಕೆ ದಾವೆಯಿಲ್ಲವೆಂದು ಕಕ್ಷಿದಾರರಿಗೆ ಹೇಳುವವನು ನಾನು. ತಗಡಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ.

ಮಧ್ಯೆ ಒಂದು ಮಾತು. ಗ್ಯಾರೇಜಿನಲ್ಲಿ ಆಕ್ಸಲ್ ಆಕ್ಸಲ್ಲೇ. ಆದರೆ ಎತ್ತಿನ ಗಾಡಿಯ ಕಾಲದ ‘ಅಚ್ಚು’ ಎಂಬ ಮಾತನ್ನು ಮೇಸ್ತ್ರಿ ಈಗಲೂ ಬಳಸುತ್ತಾರೆ. ಮಲಯಾಳದಲ್ಲಿಯೂ ಅದು ‘ಅಚ್ಚುತಂಡು’. ಚಕ್ರ ಕಳಚದಂತೆ ಅಚ್ಚಿನ ಕೊನೆಗೆ ಹೊಡೆಯುವ ಮೊಳೆಗೆ ‘ಕಡಾಣಿ’ ಎಂಬ ಹೆಸರನ್ನು ನನಗೆ ನೆನಪಿಸಿದವರೂ ಅವರೇ. ನಮ್ಮ ಜೀಪಿನಲ್ಲಿ ಕಡಾಣಿ ಗಟ್ಟಿಯಾಗಿಯೇ ಇತ್ತು, ಅಚ್ಚೇ ಹೋಯಿತು.

ಇನ್ನು ಏನು ಮಾಡಬೇಕು? ಹುಡುಗನ ಅಭಿಪ್ರಾಯ ಸ್ಪಷ್ಟವಾಗಿತ್ತು: ಈ ಆಕ್ಸಲನ್ನೇ ತೆಗೆದೆಸೆದು ದೊಡ್ಡದನ್ನು ಹಾಕಬೇಕು, ‘ಫುಲ್ ಫ್ಲೋಟಿಂಗ್’ ಮಾಡಿಸಬೇಕು. ಅವನ ಬಯಕೆ ಹುಡುಗಾಟಿಕೆಯದಲ್ಲ; ಅದರ ಹಿಂದೆ ಗಟ್ಟಿಯಾದ ತರ್ಕವಿದೆ. ನಮ್ಮ ಜೀಪಿನ ಹಿಂದಿನ ಆಕ್ಸಲ್ ‘ಸೆಮಿ ಫ್ಲೋಟಿಂಗ್’. ಅಂದರೆ ಒಂದೇ ಶಾಫ್ಟು ಎರಡು ಚಾಕರಿ ಮಾಡುತ್ತದೆ: ಚಕ್ರವನ್ನು ತಿರುಗಿಸುವುದೂ ಅದೇ, ಜೀಪಿನ ಭಾರವನ್ನು ಹೊರುವುದೂ ಅದೇ. ಅದು ಮುರಿದರೆ ಎರಡೂ ಹೋದವು. ಚಕ್ರ ಜೀಪನ್ನು ಬಿಟ್ಟು ನಡೆಯುತ್ತದೆ. ಫುಲ್ ಫ್ಲೋಟಿಂಗಿನಲ್ಲಿ ಭಾರವನ್ನು ಹೊರುವುದು ಹೌಸಿಂಗಿನ ತುದಿಯ ದಪ್ಪ ಕೊಳವೆ. ಚಕ್ರದ ಹಬ್ಬು ಎರಡು ಬೇರಿಂಗುಗಳ ಮೇಲೆ ಅದಕ್ಕೆ ಕಟ್ಟಿಕೊಂಡಿರುತ್ತದೆ. ಶಾಫ್ಟು ಅದರೊಳಗೆ ಹಾದು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಮುರಿದರೂ ಚಕ್ರ ತನ್ನ ಜಾಗದಲ್ಲಿಯೇ ಇರುತ್ತದೆ, ಬ್ರೇಕೂ ಇರುತ್ತದೆ. ಲಾರಿಗಳ ಹಿಂಚಕ್ರಗಳು ಹಾಗೆ. ನಮ್ಮ ಜೀಪಿನ ಮುಂದಿನ ಚಕ್ರಗಳೂ ಹಾಗೆಯೇ ಎಂಬುದನ್ನು ಮೇಸ್ತ್ರಿ ಬಿಚ್ಚಿ ತೋರಿಸಿದಾಗ ನನಗೆ ಆಶ್ಚರ್ಯವಾಯಿತು.

ಆಶ್ಚರ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವಷ್ಟೆ. ಆ ಯುದ್ಧದ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು. ಯುದ್ಧ ಮುಗಿದು ರೈತರಿಗಾಗಿ ಸಿ.ಜೆ. ಜೀಪು ಬಂದಾಗ, ಮೊದಮೊದಲಿನ ಕೆಲವನ್ನು ಬಿಟ್ಟು, ಅದು ಓರೆತುದಿಯ ಸೆಮಿ ಫ್ಲೋಟಿಂಗಿಗೆ ಇಳಿಯಿತು. 1947ರಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವುದರಿಂದ ಆರಂಭಿಸಿದ ಮಹೀಂದ್ರದವರಿಗೆ ಬಂದದ್ದು ಈ ರೈತಜೀಪಿನ ವಂಶ. ಹಾಗಾಗಿ ಇಂದು ಗುಡ್ಡಗಾಡಿನ ಹುಡುಗರು ಸುಧಾರಣೆಯೆಂದು ಹಾಕಿಸಿಕೊಳ್ಳುವುದು ಸೈನಿಕನಿಗೆ ಮೊದಲೇ ಕೊಟ್ಟು ರೈತನಿಂದ ತೆಗೆದುಕೊಂಡದ್ದನ್ನು. ಹರಿಯಾಣದ ಮಂಡಿ ಡಬ್ವಾಲಿಯಂಥ ಪೇಟೆಗಳು ಜೀಪು ಮರುಕಟ್ಟುವುದರಿಂದಲೇ ಹೆಸರಾದದ್ದು ಸುಮ್ಮನೆ ಅಲ್ಲ.

ಆದರೆ ನಾನು ವಕೀಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲತಃ ನಿರ್ದೇಶಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾಲೀಕನು ಮಾರ್ಪಡಿಸತಕ್ಕದ್ದಲ್ಲ. ನಮ್ಮ ಕೇರಳದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಸವೆದುದನ್ನು ಅದೇ ಬಗೆಯದರಿಂದ ಬದಲಿಸುವುದು ರಿಪೇರಿ. ಬೇರೆ ಆಕ್ಸಲನ್ನು ತಂದು ಕೂಡಿಸುವುದು ಬೇರೆ ಪ್ರಶ್ನೆ. ನಾಳೆ ಏನಾದರೂ ಸಂಭವಿಸಿದರೆ ಎದುರು ಪಕ್ಷದ ವಕೀಲ ಏನು ಕೇಳುತ್ತಾನೆಂದು ನನಗೆ ಗೊತ್ತು, ಏಕೆಂದರೆ ಆ ಪ್ರಶ್ನೆಯನ್ನು ನಾನೇ ಅನೇಕರಿಗೆ ಕೇಳಿದ್ದೇನೆ. ತಯಾರಕನ ಮೂಲರೂಪವೇ ಸುರಕ್ಷಿತವೆಂದು ಕಾನೂನು ಹೇಳುವಾಗ, ಆ ಮೂಲರೂಪದಿಂದ ಕಳಚಿದ ಚಕ್ರ ನನ್ನ ಕಣ್ಣೆದುರು ಗೋಡೆಗೆ ಒರಗಿ ನಿಂತಿತ್ತು. “ಕಾನೂನು ಬಂದು ಚಕ್ರ ಹಿಡಿಯುವುದಿಲ್ಲವಲ್ಲ?” ಎಂದು ಹುಡುಗ ಕೇಳಿದ. ಅವನ ತಂದೆಯ ಪ್ರಾಣದ ಮಾತು. ನಾನು ಕಲಮುಗಳನ್ನು ಉದ್ಧರಿಸಲಿಲ್ಲ.

ತೀರ್ಪಿನ ದಾರಿ ತೋರಿಸಿದ್ದು ಮೇಸ್ತ್ರಿ. ಅವರ ಬಳಿ ಬೇರೊಂದು ಜೀಪಿನಿಂದ ಬಿಚ್ಚಿದ ಅಗಲ ಆಕ್ಸಲ್ ಇತ್ತು. ಕೊಡಲು ಸಿದ್ಧರೇ ಇದ್ದರು. ಆದರೆ ಮೊದಲು ನಮ್ಮ ಚಡಾವನ್ನು ನೋಡಬೇಕೆಂದರು. ಭಾನುವಾರ ಬಂದು, ಟೇಪು ಹಿಡಿದು, ಜಾಡುಗಳ ನಡುವಿನ ಅಂತರವನ್ನು ಅಳೆದರು. ಹಳೆಯ ಜೀಪುಗಳಲ್ಲಿ ಎಡಬಲ ಚಕ್ರಗಳ ನಡುವಿನ ಅಂತರ ಸುಮಾರು ನಾಲ್ಕಡಿ. ದಾರಿ ತನ್ನನ್ನು ಕೊರೆದುಕೊಂಡದ್ದೂ ಅಷ್ಟೇ ಅಂತರಕ್ಕೆ. ಅಗಲ ಆಕ್ಸಲ್ ಹಾಕಿದರೆ ಹಿಂಚಕ್ರಗಳು ಜಾಡಿನಲ್ಲಿ ಕೂರದೆ ಅಂಚಿನ ಮೇಲೆ ಹತ್ತಿ ಇಳಿದು ಜಾರುತ್ತವೆ. ಮಳೆಯಲ್ಲಿ ಅದು ಇನ್ನೂ ಅಪಾಯ. ಆಮೇಲೆ ಮೂರನೆಯ ತಿರುವಿನಲ್ಲಿ ಬಹಳ ಹೊತ್ತು ನಿಂತರು. ಲೋ ಗೇರಿನ ಲೆಕ್ಕವನ್ನು ಅವರೇ ಹೇಳಿದರು: ಹಳೆಯ ಸಿ.ಜೆ. 3ಬಿಯಲ್ಲಿ ಒಂದನೆಯ ಗೇರು ಸುಮಾರು 2.8, ಲೋ 2.43, ಆಕ್ಸಲ್ 5.38, ಮೂರನ್ನೂ ಗುಣಿಸಿದರೆ ಎಂಜಿನ್ನಿನ ತಿರುಚುಬಲ ಸುಮಾರು 37 ಪಟ್ಟಾಗಿ ಆಕ್ಸಲಿಗೆ ಬರುತ್ತದೆ. ಚಕ್ರ ನೆಲದ ಮೇಲಿದ್ದರೆ ಆ ಬಲ ನಿಧಾನವಾಗಿ ಬರುತ್ತದೆ, ಶಾಫ್ಟು ತಾಳುತ್ತದೆ. ಗಾಳಿಯಲ್ಲಿ ವೇಗವಾಗಿ ತಿರುಗುತ್ತಿರುವ ಚಕ್ರ ಒಮ್ಮೆಲೇ ಕಲ್ಲನ್ನು ಕಚ್ಚಿದರೆ ಪೆಟ್ಟೆಲ್ಲ ಶಾಫ್ಟಿನ ಮೇಲೆ. “ನೀವು ಫುಲ್ ಫ್ಲೋಟಿಂಗ್ ಹಾಕಿದರೂ ಈ ಕಲ್ಲು ಬಿಡ್ಲಿಕ್ಕಿಲ್ಲ. ಚಕ್ರ ಉಳೀಬಹುದು, ಶಾಫ್ಟು ಪುನಃ ಹೋಗ್ತದೆ. ಮೊದಲು ಇದಕ್ಕೆ ಮದ್ದು ಮಾಡಿ.”

ಮೂವತ್ತು ವರ್ಷ ಮನೆಯ ಗುರುತೆಂದು ಪ್ರೀತಿಯಿಂದ ಕೇಳಿದ ಆ ಸದ್ದು ಅಚ್ಚು ಮುರಿಯುವ ಸದ್ದಾಗಿತ್ತು.

ಹಾಗೆ ನಾವು ಮೂಲರೂಪಕ್ಕೇ ಮರಳಲು ನಿಶ್ಚಯಿಸಿದೆವು, ತಗಡಿಗೂ ಹಿಂದಿನ ರೂಪಕ್ಕೆ. ಮುರಿದ ಎಡದ್ದು ಮಾತ್ರವಲ್ಲ, ಎರಡೂ ಬದಿಗೆ ಹೊಸ ಶಾಫ್ಟು, ಹೊಸ ಹಬ್ಬು, ಬೇರಿಂಗು, ಎಣ್ಣೆಯ ಸೀಲು, ಹೊಸ ಕೀಲಿ. ಬ್ರೇಕಿನ ಸಿಲಿಂಡರುಗಳೂ ಹೊಸವು. ಭಾಗಗಳು ಬರುವುದಕ್ಕೆ ದಿನ ಹಿಡಿಯಿತು. ಆ ಅವಧಿಯಲ್ಲಿ ಮೂರು ಸಲ ಮಾವನನ್ನು ಕುರ್ಚಿಯಲ್ಲಿ ಹೊತ್ತು ಇಳಿಸಿ, ಬಾಡಿಗೆ ಕಾರು ಹತ್ತಿಸಿ, ಸಂಜೆ ಮತ್ತೆ ಹೊತ್ತು ಏರಿಸಿದರು. ಒಂದು ಸಲ ನಾನೂ ಹೆಗಲು ಕೊಟ್ಟೆ. ಹೆಗಲಿನ ನೋವು ವಾರವಿಡೀ ಇತ್ತು. ಕಪ್ಪು ಕೋಟಿನ ಕೆಳಗೆ ಅದು ಯಾರಿಗೂ ಕಾಣಲಿಲ್ಲ.

ಜೋಡಿಸುವ ದಿನ ಗ್ಯಾರೇಜಿನಲ್ಲಿಯೇ ಇದ್ದೆ. ಓರೆತುದಿಗೆ ಗ್ರೀಸು ಹಚ್ಚಬಾರದೆಂಬುದನ್ನು ಅಂದು ತಿಳಿದೆ. ಎರಡೂ ಮೈಗಳು ಒಣಗಿ, ಶುದ್ಧವಾಗಿ, ಬರಿದಾಗಿ ಒಂದನ್ನೊಂದು ಹಿಡಿಯಬೇಕು. ಮೇಸ್ತ್ರಿ ಶಾಫ್ಟಿಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಹಬ್ಬನ್ನು ಕೂಡಿಸಿ ತೆಗೆದು, ಬಣ್ಣ ಎಲ್ಲೆಲ್ಲಿ ಅಂಟಿದೆ ಎಂದು ನೋಡಿದರು. ಎಡಗಡೆಯದು ಒಂದೆಡೆ ಅಂಟಿರಲಿಲ್ಲ. ಹಬ್ಬನ್ನು ಬದಲಿಸಲು ಕಳುಹಿಸಿದರು. ಅದಕ್ಕಾಗಿ ಮತ್ತೆರಡು ದಿನ. ನಟ್ಟಿನ ಬಿಗಿತ ಕನಿಷ್ಠ 150 ಫೂಟ್ ಪೌಂಡು, ಅಂದರೆ ಮೂರಡಿ ಪೈಪಿನ ತುದಿಯಲ್ಲಿ ಸುಮಾರು 23 ಕಿಲೋ ಭಾರ ತೂಗಿಬಿಟ್ಟಷ್ಟು. ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಸಡಿಲಿಸಿ ಹೊಂದಿಸಬಾರದು. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಂದು ಬಿಗಿಸಬೇಕು. ಇವೆಲ್ಲ ಕಾನೂನಿನ ವಿಧಿಗಳಂತೆಯೇ ನನಗೆ ಕೇಳಿಸಿದವು. ವ್ಯತ್ಯಾಸವೆಂದರೆ ಇವುಗಳಿಗೆ ವಿನಾಯಿತಿ ಕೋರುವ ಅರ್ಜಿಯಿಲ್ಲ.

ಕಲ್ಲಿನ ಕೆಲಸ ಅದರ ಹಿಂದಿನ ಭಾನುವಾರ. ಮೂರು ಮನೆಯವರೂ ಇಳಿದೆವು. ಆ ಜಾಗ ಪೊರಂಬೋಕು. ಪಂಚಾಯತಿನ ಅನುಮತಿಯಿಲ್ಲದೆ ಅಲ್ಲಿ ಗುದ್ದಲಿ ಊರುವ ಅಧಿಕಾರ ನಮಗೆ ಇದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ನಾನು ಬದ್ಧ, ಆದರೆ ಯಾರೂ ಕೇಳಲಿಲ್ಲ. ಹಾಸುಗಲ್ಲಿನ ಮೂಗನ್ನು ಉಳಿಯಿಂದ ಕಡಿದು ಇಳಿಜಾರು ಮಾಡಿದೆವು. ಹೊಂಡಕ್ಕೆ ಮುರಕಲ್ಲಿನ ಚೂರು ತುಂಬಿ ಗುದ್ದಿದೆವು. ನೀರು ದಾರಿಯ ಮೇಲೆ ಹರಿಯದಂತೆ ಒಳಬದಿಯಲ್ಲಿ ಕಣಿ ತೋಡಿದೆವು. ಮಧ್ಯಾಹ್ನ ಅಮ್ಮ ಗಂಜಿ, ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ತಿರುವಿಗೇ ಬಂದಳು. ಒಂದು ದಿನದ ಕೆಲಸ. ಇದನ್ನು ಅಪ್ಪನ ಕಾಲದಲ್ಲಿಯೇ ಏಕೆ ಮಾಡಲಿಲ್ಲವೆಂದು ಹುಡುಗ ಕೇಳಿದಾಗ ಎಲ್ಲರೂ ಗಂಜಿಯ ಕಡೆ ನೋಡಿದೆವು.

ನಾವು ಮಾಡಿದ್ದು ಸರಿಯೇ ಎಂಬ ಅನುಮಾನ ನನಗೆ ಈಗಲೂ ಇದೆ. ಶಾಫ್ಟು ಮತ್ತೊಮ್ಮೆ ಮುರಿದರೆ ಚಕ್ರ ಮತ್ತೊಮ್ಮೆ ಹೊರಬರುತ್ತದೆ. ಈ ಆಕ್ಸಲಿನ ಸ್ವಭಾವ ಬದಲಾಗಿಲ್ಲ. ಹುಡುಗನಿಗೆ ಅಸಮಾಧಾನ ಪೂರ್ತಿ ಹೋಗಿಲ್ಲ. ಅಗಲ ಹೆಚ್ಚದ ಹಾಗೆ, ಇದೇ ಹೌಸಿಂಗಿನ ತುದಿಗೆ ಮುಂಚಕ್ರದ ಮಾದರಿಯ ಹಬ್ಬುಗಳನ್ನು ಕೂಡಿಸುವ ಉಪಾಯವೊಂದನ್ನು ಅವನು ಮೇಸ್ತ್ರಿಯೊಡನೆ ಚರ್ಚಿಸುತ್ತಿದ್ದಾನೆ. ಸಾರಿಗೆ ಇಲಾಖೆಗೆ ಮೊದಲು ಬರೆದು ಕೇಳೋಣ ಎಂದಿದ್ದೇನೆ. ಅರ್ಜಿಯ ಕರಡು ನನ್ನ ಮೇಜಿನ ಮೇಲಿದೆ.

ಜೀಪು ಮರಳಿ ಬಂದ ಮೊದಲ ಮಂಗಳವಾರ ಸಂಜೆ ನಾನೂ ಜೊತೆಯಲ್ಲಿದ್ದೆ. ಮಳೆ ಹನಿಯುತ್ತಿತ್ತು. ಬುಡದಲ್ಲಿ ಹುಡುಗ ಲೋ ಗೇರಿಗೆ ಹಾಕಿದ. ಮೊದಲನೆಯ ತಿರುವು, ಎರಡನೆಯದು. ಮೂರನೆಯದರಲ್ಲಿ ಯಾರೂ ಮಾತಾಡಲಿಲ್ಲ. ಎಡಚಕ್ರ ಕಡಿದ ಕಲ್ಲಿನ ಮೇಲೆ ಮೆಲ್ಲನೆ ಏರಿ, ಮುರಕಲ್ಲಿನ ಚೂರುಗಳನ್ನು ಕರಕರನೆ ಒತ್ತಿ, ಆಚೆ ಇಳಿಯಿತು. ಜೀಪು ಅಂಗಳ ಸೇರುವವರೆಗೆ ಮಾವ ಕಣ್ಣು ಮುಚ್ಚಿಕೊಂಡೇ ಇದ್ದರು. “ತಿರುವು ಬಂತೋ?” ಎಂದು ಆಮೇಲೆ ಕೇಳಿದರು.

ರಾತ್ರಿ ಊಟವಾದ ಮೇಲೆ ಅಮ್ಮ ಅಪ್ಪನ ಲೆಕ್ಕದ ಪುಸ್ತಕವನ್ನೂ ಪೆನ್ನನ್ನೂ ತಂದು ಮುಂದಿಟ್ಟಳು. ಅಪ್ಪ ಹೋದಂದಿನಿಂದ ಅದರಲ್ಲಿ ಯಾರೂ ಬರೆದಿರಲಿಲ್ಲ. ತಾರೀಕು ಹಾಕಿ ಬರೆದೆ: ‘ಜೀಪು ಹಿಂದಿನ ಆಕ್ಸಲ್ ಶಾಫ್ಟು ಎರಡು, ಹಬ್ಬು ಎರಡು, ಬೇರಿಂಗು, ಸೀಲು, ಕೀಲಿ ಹೊಸತು. ತಗಡು ಇಲ್ಲ. ಬರುವ ಪತ್ತನಾಜೆಯ ಒಳಗೆ ಎರಡೂ ಹಬ್ಬು ಬಿಚ್ಚಿ ನೋಡತಕ್ಕದ್ದು.’ ಕೆಳಗೆ ರುಜು ಹಾಕಿದೆ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ, ಮಾವನ ಮಗನ ರುಜುವೂ ಇರಲಿ ಎಂದಳು.